‘ಪೋಲಿಯೊ ಅಲ್ಲ’ ಎಂಬುದು ಅರ್ಧ ಉತ್ತರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಅಂಗನವಾಡಿ ಟೀಚರ್‌ಗಳಿಗೆ, ಸಹಾಯಕಿಯರಿಗೆ, ಆಶಾ ಕಾರ್ಯಕರ್ತೆಯರಿಗೆ ಬಹಿರಂಗ ಪತ್ರ

ಅಕ್ಕತಂಗಿಯರೇ,

ಮೊನ್ನೆವರೆಗೆ ಓಡಾಡಿಕೊಂಡಿದ್ದ ಮಗುವಿನ ಕಾಲು ಇದ್ದಕ್ಕಿದ್ದಂತೆ ಜೋತುಬಿದ್ದರೆ ಆ ಸುದ್ದಿ ಮೊದಲು ಬರುವುದು ನಿಮ್ಮ ಕಿವಿಗೆ. ನೀವು ಪಿಎಚ್‌ಸಿಗೆ ಹೇಳುತ್ತೀರಿ, ಡಾಕ್ಟರು ಜಿಲ್ಲೆಗೆ ತಿಳಿಸುತ್ತಾರೆ, ರಿಜಿಸ್ಟರಿನಲ್ಲಿ ‘ಎಎಫ್‌ಪಿ’, ಅಂದರೆ ಹಠಾತ್ತನೆ ಕೈಕಾಲು ಸೋತದ್ದು, ಎಂದು ದಾಖಲಾಗುತ್ತದೆ. ಕಾಲು ಸೋತ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಎರಡು ಸಲ ಮಗುವಿನ ಮಲ ಸಂಗ್ರಹಿಸಬೇಕು. ಅದು ಐಸ್ ಪ್ಯಾಕಿನ ನಡುವೆ ಕೂತು ಬೆಂಗಳೂರಿಗೆ, ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕಕ್ಕೆ ಹೋಗುತ್ತದೆ. ಕೆಲವು ವಾರಗಳ ನಂತರ ಉತ್ತರ ಬರುತ್ತದೆ: ಪೋಲಿಯೊ ಅಲ್ಲ. ಎಲ್ಲರೂ ಉಸಿರು ಬಿಡುತ್ತಾರೆ. ಬಿಡಬೇಕಾದ್ದೇ. ಆದರೆ ಆ ತಾಯಿ ಅಂಗಳದಲ್ಲಿ ನಿಂತು, ‘ಹಂಗಾರೆ ಇನ್ನೇನಕ್ಕ ಬಂದಿದ್ದು ನಮ್ ಮಗೀಗೆ?’ ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿಲ್ಲ. ಉತ್ತರವನ್ನು ನಿಮಗೆ ಯಾರೂ ತಲುಪಿಸಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ನಾನು ಮಕ್ಕಳ ವೈದ್ಯ. ಅದೇ ಪ್ರಶ್ನೆಯನ್ನು ನನ್ನನ್ನೂ ಕೇಳುತ್ತಾರೆ.

ಪೋಲಿಯೊ ವೈರಾಣು ಒಂಟಿಯಲ್ಲ. ಅದು ಎಂಟರೊವೈರಸ್ ಎಂಬ ದೊಡ್ಡ ಬಳಗಕ್ಕೆ ಸೇರಿದ್ದು. ಮನುಷ್ಯರಲ್ಲಿ ಸೋಂಕು ತರುವ ನೂರಕ್ಕೂ ಹೆಚ್ಚು ಬಗೆಗಳು ಈ ಬಳಗದಲ್ಲಿವೆ. ಕಾಕ್ಸಾಕಿ ಎಂಬವು, ಎಕೊ ಎಂಬವು, ಹೆಸರಿಡುವುದನ್ನೇ ಬಿಟ್ಟು ಬರೀ ಸಂಖ್ಯೆ ಕೊಟ್ಟವು: ಎಂಟರೊವೈರಸ್ 71, ಎಂಟರೊವೈರಸ್ 68. ಬಾಯಿಯಿಂದ ಒಳಹೊಕ್ಕು, ಗಂಟಲಲ್ಲಿ ಮತ್ತು ಕರುಳಲ್ಲಿ ಬೆಳೆದು, ಮಲದಲ್ಲಿ ವಾರಗಟ್ಟಲೆ ಹೊರಬೀಳುವುದು ಹೆಚ್ಚಿನವುಗಳ ರೀತಿ. ಐದು ವರ್ಷದೊಳಗಿನ ಮಕ್ಕಳ ಕೈ, ಆಟಿಕೆ, ಚಾಪೆ, ನೀರು ಇವೇ ಅವುಗಳ ದಾರಿ. ಸೋಂಕು ತಗುಲಿದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ, ಅಥವಾ ಎರಡು ದಿನ ಮೈ ಬಿಸಿಯಾಗಿ ಇಳಿಯುತ್ತದೆ. ಕೆಲವರಿಗೆ ಕೈ, ಕಾಲು, ಬಾಯಲ್ಲಿ ಗುಳ್ಳೆ. ಬೆರಳೆಣಿಕೆಯಷ್ಟು ಮಕ್ಕಳಲ್ಲಿ ಮಾತ್ರ ಅದು ಹೃದಯಕ್ಕೋ ಮೆದುಳಿಗೋ ಬೆನ್ನುಹುರಿಗೋ ಇಳಿಯುತ್ತದೆ.

ಕಾಕ್ಸಾಕಿ ಎಂಬುದು ಅಮೆರಿಕದ ಹಡ್ಸನ್ ನದಿ ದಂಡೆಯ ಒಂದು ಊರು. 1948ರಲ್ಲಿ ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಎಂಬ ಇಬ್ಬರು, ಪೋಲಿಯೊ ಇರಬಹುದೆಂದು ಅನುಮಾನಿಸಿದ್ದ ಅಲ್ಲಿನ ಇಬ್ಬರು ಮಕ್ಕಳ ಮಲವನ್ನು ಪರೀಕ್ಷಿಸುತ್ತಾ ಹೊಸ ವೈರಾಣುವೊಂದನ್ನು ಕಂಡರು. ಆಗಷ್ಟೇ ಹುಟ್ಟಿದ ಇಲಿಮರಿಗಳಲ್ಲಿ ಅದು ಬೆಳೆಯಿತು. ಅವರು ಮಾಡಿದ್ದು ನೀವು ಮಾಡುವ ಕೆಲಸವೇ, ಮಲದ ಮಾದರಿ ತೆಗೆದು ನೋಡುವುದು. ‘ಪೋಲಿಯೊ ಅಲ್ಲ’ ಎಂದು ಗೊತ್ತಾದ ಮೇಲೂ ಕೈಬಿಡದೆ ಮುಂದಕ್ಕೆ ಹುಡುಕಿದರು, ಅಷ್ಟೇ ವ್ಯತ್ಯಾಸ.

ನಮ್ಮಲ್ಲೂ ಹಾಗೆ ಮುಂದಕ್ಕೆ ಹುಡುಕಿದವರಿದ್ದಾರೆ, ಅದೂ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್, ವೈರಾಣು ಸಂಸ್ಥೆಯ ಪ್ರಸನ್ನ ಯರ್ಗೋಳ್ಕರ್, ಇವರೊಂದಿಗೆ ಕೆ.ಎಸ್. ಶಂಕರಪ್ಪ ಅವರು 2007ರಿಂದ 2009ರವರೆಗೆ ಕೈಕಾಲು ಸೋತು, ಪೋಲಿಯೊ ಅಲ್ಲವೆಂದು ತೀರ್ಮಾನವಾಗಿದ್ದ 2,786 ಮಕ್ಕಳ ಮಾದರಿಗಳನ್ನು ಮತ್ತೆ ಕೈಗೆತ್ತಿಕೊಂಡರು. ಪೋಲಿಯೊ ಇನ್ನೂ ಇದ್ದ ಒಂದು ರಾಜ್ಯ, ಪೋಲಿಯೊ ಇಲ್ಲದ ಎರಡು ರಾಜ್ಯಗಳು ಅದರಲ್ಲಿ ಸೇರಿದ್ದವು. ಪೋಲಿಯೊ ಇಲ್ಲದ ಎರಡರಲ್ಲಿ ಕರ್ನಾಟಕ ಒಂದು. 823 ಮಾದರಿಗಳಲ್ಲಿ, ಅಂದರೆ ನೂರಕ್ಕೆ ಮೂವತ್ತರ ಹತ್ತಿರ, ಪೋಲಿಯೊ ಅಲ್ಲದ ಬೇರೆ ಎಂಟರೊವೈರಸ್ ಬೆಳೆಯಿತು. ವಂಶವಾಹಿ ಓದಿ ಹೆಸರು ಹಚ್ಚಿದ 581 ವೈರಾಣುಗಳಲ್ಲಿ 66 ಬಗೆಗಳಿದ್ದವು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಎಂಟರೊವೈರಸ್ 71, ಶೇ 8.43. ನಂತರ 13ನೆಯ ಸಂಖ್ಯೆಯದು, ಆಮೇಲೆ ಕಾಕ್ಸಾಕಿ ಬಿ5. ಒಂದೊಂದು ಬಗೆಯೊಳಗೂ ಅವರು ಕಂಡ ವೈರಾಣುಗಳಲ್ಲಿ ಹೆಚ್ಚಿನವು ಅಲ್ಲಿಯವರೆಗೆ ದಾಖಲಾಗದ ಹೊಸ ಕವಲುಗಳು. ಬೆಳೆದ ವೈರಾಣುಗಳಲ್ಲೂ ಮೂರನೇ ಒಂದು ಭಾಗಕ್ಕೆ ಹೆಸರು ಹಚ್ಚಲಾಗಲೇ ಇಲ್ಲ. ಈ ವರದಿ ಪ್ರಕಟವಾಗಿದ್ದು 2012ರಲ್ಲಿ.

66 ಬಗೆ. ನಮ್ಮ ಮಕ್ಕಳ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಸಂತೆ ನೆರೆದಿದೆ ಎಂಬುದನ್ನು ತೋರಿಸಿಕೊಟ್ಟಿದ್ದು ಹಳ್ಳಿಹಳ್ಳಿಯಲ್ಲಿ ನಿಮ್ಮಂಥವರು ಮೂಗು ಮುಚ್ಚಿಕೊಳ್ಳದೆ ತುಂಬಿ ಕಳಿಸಿದ ಡಬ್ಬಿಗಳು. ಆ ಕೀರ್ತಿಯಲ್ಲಿ ನಿಮ್ಮ ಪಾಲು ನಿಮಗೆ ತಲುಪಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

ಮೂವತ್ತು ವರ್ಷಗಳಿಂದ ನೀವು ಕೇಳಿಸಿಕೊಳ್ಳುತ್ತಿರುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರವಿದೆ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗಿನಿಂದ ಪ್ರತಿ ಸುತ್ತಿನಲ್ಲೂ, ಕಿರುಬೆರಳಿಗೆ ಗುರುತು ಹಾಕಿ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುವಾಗ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಹೋದ ಸಲ ಹಾಕಿದ್ರಲ್ಲ, ಮತ್ತೆ ಯಾಕೆ?’ ಕಾರಣ ಕರುಳಿನಲ್ಲಿದೆ. ಬಾಯಿಗೆ ಹಾಕುವ ಹನಿಯಲ್ಲಿರುವುದು ಜೀವಂತ, ಆದರೆ ಬಲ ಕುಂದಿಸಿದ ಪೋಲಿಯೊ ವೈರಾಣು. ಅದು ಮಗುವಿನ ಕರುಳಲ್ಲಿ ನೆಲೆಯೂರಿದರೆ ಮಾತ್ರ ರಕ್ಷಣೆ. ಅಲ್ಲಿ ಆಗಲೇ ಬೇರೊಂದು ಎಂಟರೊವೈರಸ್ ಕೂತಿದ್ದರೆ ಹನಿಗೆ ಜಾಗ ಸಿಗುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಟಿ. ಜೇಕಬ್ ಜಾನ್ ಅವರು 1970ರ ದಶಕದಲ್ಲೇ ಈ ಅಡ್ಡಿಯನ್ನು ಅಧ್ಯಯನ ಮಾಡಿದ್ದರು. ಶ್ರೀಮಂತ ದೇಶಗಳಲ್ಲಿ ಮೂರು ಸಲ ಹಾಕಿದರೆ ಸಾಕಾಗುತ್ತಿದ್ದ ಹನಿ ಇಲ್ಲಿ ಸಾಲುತ್ತಿರಲಿಲ್ಲ. 2006ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ಒಂದನೇ ಬಗೆಯ ಪೋಲಿಯೊ ವಿರುದ್ಧ ಪ್ರತಿ ಸಲದ ಹನಿಯ ಫಲ ಉತ್ತರ ಪ್ರದೇಶದಲ್ಲಿ ಕೇವಲ ಶೇ 9, ಬಿಹಾರ ಬಿಟ್ಟು ದೇಶದ ಉಳಿದ ಕಡೆ ಶೇ 21. ಜನದಟ್ಟಣೆ, ಕೊಳಕು ನೀರು, ಮೇಲಿಂದ ಮೇಲೆ ಬರುವ ಕರುಳಿನ ಸೋಂಕು ಸೇರಿ ಹನಿಯ ಕೈ ಕಟ್ಟಿದ್ದವು. ಅದಕ್ಕೇ ಮತ್ತೆ ಮತ್ತೆ ಬಾಗಿಲು ತಟ್ಟಬೇಕಾಯಿತು. ಹೌರಾದಲ್ಲಿ 2011ರ ಜನವರಿ 13ರಂದು ಕಾಯಿಲೆ ಬಿದ್ದ ಮಗುವೇ ದೇಶದ ಕೊನೆಯ ಪ್ರಕರಣವಾಗಿ, 2014ರ ಮಾರ್ಚ್ 27ರಂದು ನಮಗೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದ್ದರ ಹಿಂದೆ ಆ ಬಾಗಿಲು ತಟ್ಟಿದ ಕೈಗಳಿವೆ.

ಪೋಲಿಯೊ ಹೋದ ಮೇಲೂ ಉಳಿದ ಬಳಗ ಇಲ್ಲೇ ಇದೆ. ಅದು ಸುಮ್ಮನೆಯೂ ಕೂತಿಲ್ಲ. ಈ ವೈರಾಣುಗಳ ವಂಶವಾಹಿ ಸುಮಾರು 7,500 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಪ್ರತಿ ಸಲ ನಕಲಾಗುವಾಗ ಒಂದಿಲ್ಲೊಂದು ಅಕ್ಷರ ತಪ್ಪುತ್ತದೆ, ತಿದ್ದುವ ಏರ್ಪಾಡು ಅದಕ್ಕಿಲ್ಲ. ಹೊರಕವಚದ ವಿಪಿ1 ಎಂಬ ಭಾಗದಲ್ಲಿ ಪೋಲಿಯೊ ವೈರಾಣು ವರ್ಷಕ್ಕೆ ಹೆಚ್ಚುಕಡಿಮೆ ಶೇ 1ರಷ್ಟು ಬದಲಾಗುತ್ತದೆ. ಎರಡು ವೈರಾಣುಗಳ ವಿಪಿ1 ಭಾಗವನ್ನು ಅಕ್ಕಪಕ್ಕ ಇಟ್ಟು ಓದಿದರೆ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಅಕ್ಷರ ಹೊಂದಿದವು ಒಂದೇ ಬಗೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇನ್ನೂ ಹತ್ತಿರ ಹೊಂದಿದರೆ ಈಚೆಗೆ ಕವಲೊಡೆದ ದಾಯಾದಿಗಳು. ಹೀಗೆ ಓದುವುದರಿಂದ ವೈರಾಣು ಎಲ್ಲಿಂದ ಬಂತು, ಎಷ್ಟು ಕಾಲದಿಂದ ಕಾಣದಂತೆ ಸುತ್ತುತ್ತಿತ್ತು ಎಂದು ಹೇಳಬಹುದು. ಲಂಡನ್ನಿನ ಚರಂಡಿ ನೀರು, ನ್ಯೂಯಾರ್ಕ್ ಬಳಿ ಕಾಲು ಸೋತ ಒಬ್ಬ ಯುವಕ, ಜೆರುಸಲೇಮಿನ ಚರಂಡಿ, ಇವು ಮೂರಕ್ಕೂ ನಂಟಿದೆ ಎಂದು 2022ರಲ್ಲಿ ಗೊತ್ತಾಗಿದ್ದು ಹೀಗೆಯೇ. ಒಂದೇ ಮಗುವಿನ ಕರುಳಲ್ಲಿ ಎರಡು ಬಗೆ ಒಟ್ಟಿಗೆ ಸೇರಿದರೆ ತಮ್ಮ ಎಳೆಯ ತುಂಡುಗಳನ್ನೇ ಅದಲುಬದಲು ಮಾಡಿಕೊಂಡು ಮೂರನೆಯದೊಂದು ಹುಟ್ಟುವುದೂ ಉಂಟು. ಲಸಿಕೆಯ ವೈರಾಣು ದೀರ್ಘಕಾಲ ಮಗುವಿನಿಂದ ಮಗುವಿಗೆ ಸುತ್ತಿ ಕೆಟ್ಟು, ಮತ್ತೆ ಕಾಲು ಸೋಲಿಸುವ ಬಲ ಪಡೆದ ಹಲವು ಕಡೆ ಇಂಥ ಬೆರಕೆ ಕಂಡಿದೆ.

ಈಗ ನಿಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ನಕ್ಷೆಯಲ್ಲಿ ನಾಲ್ಕೂ ಮಂಡ್ಯ ಜಿಲ್ಲೆಯೊಳಗೇ ಅಕ್ಕಪಕ್ಕ ಇವೆ. ನೀರಿನ ಲೆಕ್ಕದಲ್ಲಿ ನೋಡಿದರೆ ಬೇರೆ ಬೇರೆ ಲೋಕಗಳು. ಶ್ರೀರಂಗಪಟ್ಟಣ ಕಾವೇರಿಯ ದ್ವೀಪ. ಪಶ್ಚಿಮವಾಹಿನಿ, ಸಂಗಮ, ನಿಮಿಷಾಂಬ ದೇವಸ್ಥಾನದ ಮೆಟ್ಟಿಲುಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು ದಿನವೂ ನೀರಿಗಿಳಿಯುತ್ತವೆ. ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೂ ಹೋಗುತ್ತದೆ, ಬಟ್ಟೆ ಒಗೆಯುವ ಕಲ್ಲಿಗೂ, ಹುಡುಗರ ಈಜಿಗೂ. ಅದೇ ತಾಲ್ಲೂಕಿನ ಮೇಲುಕೋಟೆಗೆ ವೈರಮುಡಿ ಉತ್ಸವದ ಒಂದು ರಾತ್ರಿ ಬರುವ ಜನ ಎಷ್ಟೆಂದು ನೀವೇ ಬಲ್ಲಿರಿ. ಕೆ.ಆರ್. ಪೇಟೆಗೆ ಹೇಮಾವತಿ ಇದ್ದಾಳೆ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಅಂಚಿದೆ. ನಾಗಮಂಗಲ ಹೆಚ್ಚಾಗಿ ಮಳೆ, ಕೆರೆ, ಬೋರ್‌ವೆಲ್ ನಂಬಿದ ಒಣ ಸೀಮೆ. ಟ್ಯಾಂಕರ್ ನೀರು ತುಂಬಿಟ್ಟ ಡ್ರಮ್ಮಿಗೆ ಅಲ್ಲಿ ಎಷ್ಟು ಕೈ ಇಳಿಯುತ್ತವೆ ಎಂದು ಲೆಕ್ಕ ಹಾಕಿ. ಕಬ್ಬಿನ ಕಾಲಕ್ಕೆ ಬಳ್ಳಾರಿ ಕಡೆಯಿಂದ ಕಡಿಯುವವರು ಬರುತ್ತಾರೆ, ಆಲೆಮನೆಗಳಿಗೆ ಉತ್ತರದ ರಾಜ್ಯಗಳಿಂದ ಕೆಲಸಗಾರರು ಬರುತ್ತಾರೆ. ಅವರ ಮಕ್ಕಳು ಗದ್ದೆ ಬದುವಿನ ಗುಡಿಸಲಿನಲ್ಲಿ ಬೆಳೆಯುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳ ಹೆಸರು ಯಾವ ಅಂಗನವಾಡಿಯ ಹಾಜರಿಯಲ್ಲೂ ಇರುವುದಿಲ್ಲ.

ನಾಲೆಯ ಮಗುವಿನ ಕರುಳಿನಲ್ಲಿರುವ ವೈರಾಣುವೂ ಬೋರ್‌ವೆಲ್ ಮಗುವಿನ ಕರುಳಿನಲ್ಲಿರುವುದೂ ಒಂದೇ ಕವಲಿನವೇ? ಜಾತ್ರೆ ಮುಗಿದ ಮೇಲೆ ಹೊಸ ಬಗೆ ಬರುತ್ತದೆಯೇ? ಜೂನ್ ತಿಂಗಳಲ್ಲಿ ಅಂಗನವಾಡಿ ಬಾಗಿಲು ತೆರೆದ ಮೇಲೆ ಯಾವುದು ಏಳುತ್ತದೆ, ಯಾವುದು ಅಡಗುತ್ತದೆ? ಇವು ಬರೀ ಪಂಡಿತರ ಕುತೂಹಲವಲ್ಲ. ಚೀನಾದಲ್ಲಿ ಎಂಟರೊವೈರಸ್ 71 ವಿರುದ್ಧ ಲಸಿಕೆ ಇದೆ. ಆದರೆ ಅದು ಕಾಕ್ಸಾಕಿ ಎ16ನ್ನೋ ಎ6ನ್ನೋ ತಡೆಯುವುದಿಲ್ಲ. ನಮ್ಮ ಮಕ್ಕಳಲ್ಲಿ ಯಾವುದು ಸುತ್ತುತ್ತಿದೆ ಎಂದು ತಿಳಿಯದೆ ನಾಳೆ ಯಾವ ಲಸಿಕೆ ಬೇಕೆಂದು ಯಾರು ಹೇಳಬೇಕು?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಲದಲ್ಲಿ ಒಂದು ವೈರಾಣು ಸಿಕ್ಕಿತು ಎಂದಾಕ್ಷಣ ಕಾಲು ಸೋಲಿಸಿದ್ದು ಅದೇ ಎಂದು ಹೇಳಲಾಗದು. ಆರೋಗ್ಯವಾಗಿ ಆಡಿಕೊಂಡಿರುವ ಪಕ್ಕದ ಮನೆ ಮಗುವಿನಲ್ಲೂ ಅದೇ ಇರಬಹುದು. ಮಗುವಿನ ಕಾಲು ಸೋಲಲು ಗಿಯಾನ್-ಬಾರೆಯಂಥ ನರದ ಕಾಯಿಲೆ ಕಾರಣವಾಗಿರಬಹುದು, ಕುಂಡಿಗೆ ತಪ್ಪು ಜಾಗದಲ್ಲಿ ಚುಚ್ಚಿದ ಇಂಜೆಕ್ಷನ್ ನರಕ್ಕೆ ತಾಗಿರಬಹುದು. (‘ಒಂದು ಸೂಜಿ ಹಾಕ್ಬುಡಿ ಡಾಕ್ಟ್ರೇ’ ಎಂದು ಜ್ವರಕ್ಕೆಲ್ಲ ಬೇಡುವುದನ್ನು ನಿಲ್ಲಿಸಲು ನಿಮ್ಮ ಮಾತಿನಷ್ಟು ನಮ್ಮ ಮಾತು ನಡೆಯುವುದಿಲ್ಲ, ದಯವಿಟ್ಟು ಹೇಳಿ.) ಆದ್ದರಿಂದಲೇ ಕಾಯಿಲೆ ಬಿದ್ದ ಮಕ್ಕಳ ಮಾದರಿ ಮಾತ್ರ ಸಾಲದು, ಅದೇ ಊರಿನ, ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಮಾದರಿಯೂ ಬೇಕು. ಯಾರಾದರೂ ಸಂಶೋಧಕರು ಸರಿಯಾದ ಅನುಮತಿಯೊಂದಿಗೆ ನಿಮ್ಮ ಕೇಂದ್ರಕ್ಕೆ ಬಂದು, ‘ಚೆನ್ನಾಗಿರುವ ಮಕ್ಕಳ ಮಲ ಬೇಕು’ ಎಂದರೆ ತಾಯಂದಿರು ಬೆಚ್ಚುತ್ತಾರೆ. ಆಗ ಏಕೆಂದು ವಿವರಿಸಬಲ್ಲವರು ನೀವು.

ಮಂಡ್ಯ ಜಿಲ್ಲೆಗೆ ಇದು ಇನ್ನೂ ಹೆಚ್ಚು ಮುಖ್ಯವೆಂದು ನನಗೆ ಅನಿಸುವುದಕ್ಕೆ ಮೆದುಳು ಜ್ವರದ ಹಳೆಯ ನೆನಪು ಕಾರಣ. ಭತ್ತದ ಗದ್ದೆಯ ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಇಲ್ಲಿ ದಶಕಗಳ ಹಿಂದೆಯೇ ಮಕ್ಕಳನ್ನು ಕಾಡಿದೆ. ವೈರಾಣು ಸಂಸ್ಥೆಯವರು ಇದೇ ಜಿಲ್ಲೆಯ ಸೊಳ್ಳೆಗಳನ್ನು ಹಿಡಿದು ಅಧ್ಯಯನ ಮಾಡಿದ್ದಾರೆ. ಹಾಗಾಗಿ ಜ್ವರ ಬಂದು ಮಗುವಿಗೆ ಫಿಟ್ಸ್ ಬಂದರೆ ಎಲ್ಲರ ಮನಸ್ಸೂ ಮೊದಲು ಸೊಳ್ಳೆಯತ್ತ ಓಡುತ್ತದೆ. ಪರೀಕ್ಷೆಯಲ್ಲಿ ಅದಲ್ಲವೆಂದು ಬಂದರೆ ಅಲ್ಲಿಗೆ ಹುಡುಕಾಟ ನಿಂತುಬಿಡುವ ಅಪಾಯವಿದೆ. ಉತ್ತರ ಪ್ರದೇಶದಲ್ಲಿ 2006ರಲ್ಲಿ ಮೆದುಳು ಜ್ವರ ಹರಡಿದಾಗ 306 ರೋಗಿಗಳ ಬೆನ್ನುಹುರಿಯ ನೀರು ಪರೀಕ್ಷಿಸಿ 66 ಮಂದಿಯಲ್ಲಿ ಎಂಟರೊವೈರಸ್ ಗುರುತಿಸಿದರು. ಎಲ್ಲವೂ ಸೊಳ್ಳೆಯದೇ ಎಂದು ನಂಬಿದ್ದರೆ ಅದು ತಿಳಿಯುತ್ತಿರಲಿಲ್ಲ. ಸೊಳ್ಳೆ ಪರದೆ ಎಂಟರೊವೈರಸ್ಸನ್ನು ತಡೆಯುವುದಿಲ್ಲ. ಅದನ್ನು ತಡೆಯುವುದು ಸೋಪು.

ಗುಳ್ಳೆ ಜ್ವರದ ಮಾತು ನಿಮಗೆ ಹೆಚ್ಚು ಹತ್ತಿರದ್ದು. 2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂನಲ್ಲಿ ಚಿಕ್ಕ ಮಕ್ಕಳ ಮೈಮೇಲೆ ಕೆಂಪು ಗುಳ್ಳೆಗಳೆದ್ದಾಗ ‘ಟೊಮೆಟೊ ಜ್ವರ’ ಎಂಬ ಹೆಸರು ಟಿವಿಯಲ್ಲಿ ಹಬ್ಬಿ, ಇಲ್ಲೂ ತಾಯಂದಿರು ಹೆದರಿದರು. ಹೊಸ ರೋಗವೆಂದೂ, ಹಣ್ಣಿನಿಂದ ಬರುವುದೆಂದೂ ಜನ ಮಾತಾಡಿಕೊಂಡರು. ಅದೇ ತಿಂಗಳು ಕೇರಳದಲ್ಲಿ ರಜೆ ಕಳೆದು ಇಂಗ್ಲೆಂಡಿಗೆ ಮರಳಿದ ಇಬ್ಬರು ಪುಟ್ಟ ಒಡಹುಟ್ಟಿದವರಿಗೆ ಹಾಗೆಯೇ ಗುಳ್ಳೆ ಎದ್ದಾಗ ವೈದ್ಯರು ವಂಶವಾಹಿ ಓದಿಸಿದರು. ಸಿಕ್ಕಿದ್ದು ಕಾಕ್ಸಾಕಿ ಎ16. ನಮಗೆ ಬಹಳ ಹಿಂದಿನಿಂದ ಗೊತ್ತಿರುವ ಕೈ-ಕಾಲು-ಬಾಯಿ ರೋಗ. ಟೊಮೆಟೊಗೂ ಅದಕ್ಕೂ ಸಂಬಂಧವಿಲ್ಲ. ಸರಿಯಾದ ಹೆಸರು ಸಿಕ್ಕಿದ ದಿನವೇ ಅರ್ಧ ಭಯ ಇಳಿಯಿತು.

ನಿಮ್ಮ ಕೇಂದ್ರದಲ್ಲಿ ಇಂಥ ಮಗು ಕಂಡರೆ ಮನೆಯವರು ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪು ಕಟ್ಟಿ ಕೂರಿಸಿರಬಹುದು. ಬೈಯಬೇಡಿ. ಅಂಗೈ, ಅಂಗಾಲು, ಬಾಯೊಳಗೆ, ಕೆಲವೊಮ್ಮೆ ಕುಂಡಿಯ ಮೇಲೆ ಗುಳ್ಳೆಯಿದ್ದರೆ ಅದು ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುವಂಥದ್ದು. ಬಾಯಿ ಉರಿಯುವುದರಿಂದ ಮಗು ನೀರು ಕುಡಿಯಲೊಲ್ಲದು. ತಣ್ಣನೆ ಗಂಜಿ, ಮಜ್ಜಿಗೆ, ಎಳನೀರು ಗುಟುಕು ಗುಟುಕಾಗಿ ಕೊಡಿಸಿ. ಕಾಕ್ಸಾಕಿ ಎ6 ಬಂದು ಹೋದ ಕೆಲವು ವಾರಗಳಿಗೆ ಉಗುರು ಕಳಚಿ ಬೀಳಬಹುದು. ತಾಯಿ ಗಾಬರಿಯಾಗಿ ಓಡಿ ಬಂದರೆ, ಹೊಸ ಉಗುರು ಬರುತ್ತದೆಂದು ಧೈರ್ಯ ಹೇಳಿ. ಆದರೆ ಜ್ವರ ಮೂರು ದಿನಕ್ಕೂ ಬಿಡದಿದ್ದರೆ, ಮಗು ನಿದ್ದೆಯಲ್ಲಿ ಮತ್ತೆ ಮತ್ತೆ ಬೆಚ್ಚಿ ಬೀಳುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ನಡೆಯುವಾಗ ತೂರಾಡಿದರೆ, ಮಂಕಾಗಿ ಬಿದ್ದುಕೊಂಡರೆ ಒಂದು ಗಂಟೆಯೂ ಕಾಯಬೇಡಿ. ಎಂಟರೊವೈರಸ್ 71 ಮೆದುಳಿನ ಬುಡಕ್ಕೆ ಇಳಿದಾಗ ಕಾಣುವ ಲಕ್ಷಣಗಳಿವು. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಮೆಡಿಕಲ್ ಕಾಲೇಜು, ಉಳಿದವರಿಗೆ ಮಂಡ್ಯದ ಮಿಮ್ಸ್ ಅಥವಾ ಮೈಸೂರು ಹತ್ತಿರ. 108ಕ್ಕೆ ಕರೆ ಮಾಡಿ.

ಕೊರೊನಾ ಕಾಲದಿಂದ ಉಳಿದ ಸ್ಯಾನಿಟೈಸರ್ ಬಾಟಲಿ ಎಷ್ಟೋ ಕೇಂದ್ರಗಳಲ್ಲಿ ಇನ್ನೂ ಇದೆ. ಈ ವೈರಾಣುಗಳಿಗೆ ಕೊಬ್ಬಿನ ಹೊದಿಕೆ ಇಲ್ಲವಾದ್ದರಿಂದ ಆಲ್ಕೋಹಾಲ್ ಇವುಗಳ ಮೇಲೆ ಚೆನ್ನಾಗಿ ನಡೆಯುವುದಿಲ್ಲ. ಸೋಪು ಹಚ್ಚಿ, ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಚಾಪೆ, ಆಟಿಕೆ, ಶೌಚಾಲಯದ ನೆಲಕ್ಕೆ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರು. ಗುಳ್ಳೆ ಒಣಗಿದ ಮೇಲೂ ಮಲದಲ್ಲಿ ವೈರಾಣು ವಾರಗಟ್ಟಲೆ ಬರುತ್ತಿರುತ್ತದೆ, ಆದ್ದರಿಂದ ಮಗು ವಾಸಿಯಾಗಿ ವಾಪಸ್ ಬಂದ ಮೇಲೆ ಸಹಾಯಕಿ ಕೈ ತೊಳೆಯುವುದು ಇನ್ನಷ್ಟು ಮುಖ್ಯ. ಎಳೆಮಗುವಿನ ಮಲದಿಂದ ತೊಂದರೆಯಿಲ್ಲವೆಂದು ನಾಲೆಯಲ್ಲೋ ಹಿತ್ತಲಲ್ಲೋ ಚೆಲ್ಲುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ದೊಡ್ಡವರದಕ್ಕಿಂತ ಅದರಲ್ಲೇ ಈ ವೈರಾಣು ಇರುವ ಸಾಧ್ಯತೆ ಹೆಚ್ಚು. ಅದು ಸೇರಬೇಕಾದ್ದು ಶೌಚಾಲಯದ ಗುಂಡಿಗೆ. ಇದನ್ನೆಲ್ಲ ಮಾಡಲು ಕೇಂದ್ರದಲ್ಲಿ ನಲ್ಲಿ ನೀರು ಬೇಕು, ಸೋಪಿಗೆ ದುಡ್ಡು ಬೇಕು. ಅದಿಲ್ಲದೆ ಕೈ ತೊಳೆಸಿ ಎಂದು ನಿಮಗೆ ಉಪದೇಶ ಮಾಡುವುದು ನ್ಯಾಯವಲ್ಲ. ಪಂಚಾಯಿತಿಯವರು ಈ ಪತ್ರ ಓದಿದರೆ ಈ ಸಾಲನ್ನು ತಮಗೆ ಬರೆದದ್ದೆಂದೇ ತಿಳಿಯಲಿ.

ಇನ್ನು ನಾನು ನಿಮ್ಮಿಂದ ಕೇಳುವುದು. 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹಠಾತ್ತನೆ ಸೋತರೂ, ಮನೆಯವರು ‘ಬಿದ್ದು ಪೆಟ್ಟಾಗಿದೆ’ ಎಂದರೂ, ಖಾಸಗಿ ಆಸ್ಪತ್ರೆಯಲ್ಲಿ ಆಗಲೇ ತೋರಿಸಿದ್ದೇವೆ ಎಂದರೂ ವರದಿ ಮಾಡಿ. ಆಲೆಮನೆಯ, ಕಬ್ಬಿನ ಗುಡಿಸಲಿನ ಮಕ್ಕಳನ್ನು ನಿಮ್ಮ ಊರಿನ ಮಕ್ಕಳೆಂದೇ ಎಣಿಸಿ. ಮೊದಲ ಮಾದರಿ ಕೊಟ್ಟು ಎರಡನೆಯದಕ್ಕೆ ಬೇಸರಪಟ್ಟುಕೊಳ್ಳುವ ಮನೆಯಲ್ಲಿ ಕೂತು ಒಪ್ಪಿಸಿ, ಏಕೆಂದರೆ ವೈರಾಣು ಪ್ರತಿದಿನ ಒಂದೇ ಪ್ರಮಾಣದಲ್ಲಿ ಹೊರಬೀಳುವುದಿಲ್ಲ. ಐಸ್ ಕರಗಿದ ಡಬ್ಬಿ ಕಳಿಸಬೇಡಿ. ಬಿಸಿಲಲ್ಲಿ ಸತ್ತ ವೈರಾಣು ಪ್ರಯೋಗಾಲಯದಲ್ಲಿ ಬೆಳೆಯುವುದಿಲ್ಲ, ಆಗ ‘ಏನೂ ಇಲ್ಲ’ ಎಂಬ ಸುಳ್ಳು ಉತ್ತರ ಬರುತ್ತದೆ.

ಆಮೇಲೆ ನೀವು ಕೇಳಬೇಕಾದ್ದು. ಪ್ರಯೋಗಾಲಯದಲ್ಲಿ ಮಾದರಿಯನ್ನು ಎರಡು ಬಗೆಯ ಜೀವಕೋಶಗಳ ಮೇಲೆ ಹಾಕುತ್ತಾರೆ. ಒಂದು ಮುಖ್ಯವಾಗಿ ಪೋಲಿಯೊ ಬೆಳೆಯಲೆಂದೇ ಸಿದ್ಧಪಡಿಸಿದ್ದು, ಇನ್ನೊಂದರಲ್ಲಿ ಬೇರೆ ಎಂಟರೊವೈರಸ್‌ಗಳೂ ಬೆಳೆಯುತ್ತವೆ. ಅಂದರೆ ‘ಪೋಲಿಯೊ ಅಲ್ಲದ ಎಂಟರೊವೈರಸ್ ಇದೆ’ ಎಂಬ ಮಾಹಿತಿ ಅಲ್ಲಿ ಆಗಲೇ ಹುಟ್ಟಿರುತ್ತದೆ. ಅದು ಯಾವ ಬಗೆ ಎಂದು ಓದುವ ಯಂತ್ರಗಳು ಈಗ 2007ರಲ್ಲಿದ್ದಷ್ಟು ಅಪರೂಪವಲ್ಲ. ಕೊರೊನಾ ನಂತರ ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಕಡೆ ಬಂದಿವೆ. ಪಿಎಚ್‌ಸಿಯ ಮುಂದಿನ ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಯನ್ನು ಎದ್ದು ನಿಂತು ಕೇಳಿ: ನಮ್ಮ ತಾಲ್ಲೂಕಿನಿಂದ ಕಳೆದ ವರ್ಷ ಹೋದ ಮಾದರಿಗಳಲ್ಲಿ ಎಷ್ಟರಲ್ಲಿ ಬೇರೆ ಎಂಟರೊವೈರಸ್ ಬೆಳೆಯಿತು? ಅವುಗಳಲ್ಲಿ ಎಷ್ಟಕ್ಕೆ ಹೆಸರು ಸಿಕ್ಕಿತು? ಹೆಸರು ಸಿಗದ ಉಳಿದವು ಯಾವ ಫ್ರೀಜರಿನಲ್ಲಿವೆ? ವೈದ್ಯಾಧಿಕಾರಿಗೆ ಗೊತ್ತಿಲ್ಲದಿದ್ದರೆ ಜಿಲ್ಲೆಗೆ ಬರೆಯಲಿ. ಪ್ರಶ್ನೆಯನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ನಿಮ್ಮ ಸಹಿ ಹಾಕಿ. ನಾಲ್ಕೂ ತಾಲ್ಲೂಕುಗಳಿಂದ ಇದೇ ಮೂರು ಪ್ರಶ್ನೆಗಳು ಒಂದೇ ತಿಂಗಳು ಜಿಲ್ಲಾ ಆರೋಗ್ಯಾಧಿಕಾರಿಗಳ ಮೇಜಿಗೆ ಬಂದರೆ ಅವುಗಳನ್ನು ಬೆಂಗಳೂರಿಗೆ ದಾಟಿಸದೆ ಬೇರೆ ದಾರಿ ಇರುವುದಿಲ್ಲ.


ನಿಮ್ಮ ಜಿಲ್ಲೆಯ ಒಬ್ಬ ಮಕ್ಕಳ ವೈದ್ಯ